ಪೆಟ್ಟಿಗೆಯೊಳಗಿನ ನಾಯಿ

ತವರಿನವರೂ ಗಂಡನ ಮನೆಯವರೂ ಜಗಳವಿಲ್ಲದೆ ಒಪ್ಪುವ ಒಂದೇ ಮಾತೆಂದರೆ, ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು. ಸುಳ್ಳಲ್ಲ. ನನ್ನ ಕೆಲಸವೂ ಅಂಥದ್ದೇ. ಯಾರೋ ಬರೆದ ಸಾಫ್ಟ್‌ವೇರ್ ಎಲ್ಲಿ ಕೈಕೊಡುತ್ತದೆ ಎಂದು ದಿನವಿಡೀ ಹುಡುಕುವ ಟೆಸ್ಟರ್ ನಾನು. ತಪ್ಪು ಸಿಕ್ಕರೆ ಸಂತೋಷ, ಸಿಕ್ಕಿದ್ದನ್ನು ಬರೆದವನು ಒಪ್ಪದಿದ್ದರೆ ಸಿಟ್ಟು. ಆದರೂ ನಾನು ಒಬ್ಬ ಮನುಷ್ಯನ ಕೆನ್ನೆಗೆ ಬಾರಿಸಿದ್ದು ಬದುಕಿನಲ್ಲಿ ಒಂದೇ ಸಲ. ಅದೂ ಆಫೀಸಿನಲ್ಲಿ, ನನ್ನ ನಾಯಿಯ ರಕ್ತ ಮೆತ್ತಿದ್ದ ಕೈಯಿಂದ.

ಆಫೀಸು ಅಂದರೆ ದೊಡ್ಡದೇನಲ್ಲ. ಕೊಪ್ಪದ ಬಸ್‌ಸ್ಟ್ಯಾಂಡಿನಿಂದ ಏರು ಹತ್ತಿದರೆ ಸಿಗುವ ಒಂದು ತಾರಸಿ ಮನೆಯ ಮಹಡಿ. ಮೂವರು ಸೇರಿ ಬಾಡಿಗೆಗೆ ಹಿಡಿದಿದ್ದೆವು. ಮೂವರ ಕಂಪನಿಯೂ ಬೇರೆ, ಬಾಸ್‌ಗಳು ಯಾವ ಯಾವುದೋ ಊರಿನವರು. ನಮ್ಮನ್ನು ಒಂದು ಸೂರಿನಡಿ ತಂದದ್ದು ಒಳ್ಳೆಯ ನೆಟ್ ಮತ್ತು ದೊಡ್ಡ ಇನ್ವರ್ಟರ್, ಅಷ್ಟೇ. ಒಬ್ಬ ಶೃಂಗೇರಿ ಕಡೆಯ ಡೆವಲಪರ್. ಒಬ್ಬಳು ಡಿಸೈನರ್, ಕೊಪ್ಪದವಳೇ, ದಿನಾ ಬುಟ್ಟಿಯಲ್ಲಿ ತನ್ನ ಬೆಕ್ಕನ್ನೂ ಕರೆದುಕೊಂಡು ಬರುತ್ತಿದ್ದಳು. ಮೂರನೆಯವಳು ಮುತ್ತಿನಕೊಪ್ಪದಿಂದ ಕೊಪ್ಪಕ್ಕೆ ಮದುವೆಯಾಗಿ ಬಂದ ನಾನು, ನನ್ನ ಜೊತೆಗೆ ನನ್ನ ನಾಯಿ.

ಬೆಕ್ಕಿಗೆ ಬಿಸಿ ರೂಟರಿನ ಮೇಲೆ ಜಾಗ, ನಾಯಿಗೆ ನನ್ನ ಮೇಜಿನ ಕೆಳಗೆ. ಡೆವಲಪರನಿಗೆ ಸಾಕುಪ್ರಾಣಿ ಇರಲಿಲ್ಲ, ಒಂದು ಕೀಬೋರ್ಡ್ ಇತ್ತು. ಅದರ ಒಂದೊಂದು ಕೀಲಿಯನ್ನೂ ಬಿಡಿಬಿಡಿಯಾಗಿ ತರಿಸಿ, ಎಣ್ಣೆ ಸವರಿ, ಭಾರದ ಲೋಹದ ತಟ್ಟೆಯ ಮೇಲೆ ತಾನೇ ಕೂರಿಸಿದ್ದ. ನಾವು ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಶನಿವಾರ ಸಂಜೆ ಮೂವರೂ ನೆಲದ ಮೇಲೆ ಕೂತು ದಾಳ ಉರುಳಿಸಿ ರಾಕ್ಷಸರನ್ನು ಕೊಲ್ಲುವ ಆಟ ಆಡುತ್ತಿದ್ದೆವು. ಬೆಕ್ಕು ದಾಳವನ್ನು ಕಪಾಟಿನ ಅಡಿಗೆ ತಳ್ಳುತ್ತಿತ್ತು, ನಾಯಿ ಹೋಗಿ ಹುಡುಕಿ ಕಚ್ಚಿ ತರುತ್ತಿತ್ತು. ಕಾಗದದ ಮೇಲೆ ನಾವು ಎಷ್ಟು ರಾಕ್ಷಸರ ತಲೆ ಕಡಿದೆವೋ ಲೆಕ್ಕವಿಲ್ಲ. ನಿಜಕ್ಕೂ ಮೂವರಲ್ಲಿ ಒಬ್ಬರೂ ಒಂದು ಕೋಳಿ ಕೊಯ್ದವರಲ್ಲ.

ನಾಯಿ ನರಸಿಂಹರಾಜಪುರದ ಸಂತೆಯಲ್ಲಿ, ತರಕಾರಿ ಲಾರಿಯ ಚಕ್ರದ ಹತ್ತಿರ ಸಿಕ್ಕಿದ್ದು. ಕಂದು ಬಣ್ಣದ ಊರನಾಯಿ, ಬೆಳೆದ ಮೇಲೂ ಮೈ ತುಂಬಲಿಲ್ಲ. ಆದರೆ ದನಿ! ಆ ಸಣ್ಣ ಎದೆಗೂಡಿನಿಂದ ಅಂಥ ದನಿ ಹೇಗೆ ಬರುತ್ತದೆ ಎಂದು ನೋಡಿದವರೆಲ್ಲ ಕೇಳುತ್ತಿದ್ದರು. ಒಮ್ಮೆ ಮೀಟಿಂಗಿನಲ್ಲಿ ನನ್ನ ಬಾಸು, ನಿಮ್ಮಲ್ಲಿ ಹುಲಿ ಸಾಕುವುದಕ್ಕೆ ಪರವಾನಗಿ ಇದೆಯಾ ಎಂದು ಕೇಳಿದ್ದ. ಜಗಳ ಗೊತ್ತಿಲ್ಲದ ನಾಯಿ ಅದು. ಬೀದಿಯ ನಾಯಿಗಳು ಅಡ್ಡ ಬಂದರೆ ನಿಂತಲ್ಲೇ ಎರಡು ಸಲ ಬೊಗಳುತ್ತಿತ್ತು, ಅವು ದಾರಿ ಬಿಡುತ್ತಿದ್ದವು. ಹಲ್ಲು ಬಳಸುವ ಸಂದರ್ಭವೇ ಅದಕ್ಕೆ ಬಂದಿರಲಿಲ್ಲ.

ನಮ್ಮ ವೈರಿಗಳು ಮಂಗಗಳು. ತಾರಸಿಯ ಮೇಲೆ ಒಂದು ದೊಡ್ಡ ದಂಡು ದಿನಾ ಬರುತ್ತಿತ್ತು. ನೆಟ್ಟಿನ ಕೇಬಲ್ಲನ್ನು ಜೋಕಾಲಿ ಮಾಡಿಕೊಂಡು ಹರಿದವು. ಟ್ಯಾಂಕಿನ ಮುಚ್ಚಳ ತೆಗೆದು ಕುಡಿಯುವ ನೀರಿನಲ್ಲಿ ಸ್ನಾನ ಮಾಡಿದವು. ದಂಡಿನ ಯಜಮಾನ ಗಡವ ಒಂದು ಮಧ್ಯಾಹ್ನ ಡಿಸೈನರಳ ಕೆನ್ನೆಗೆ ಬಾರಿಸಿ ಊಟದ ಡಬ್ಬಿ ಕಿತ್ತುಕೊಂಡು ಹೋಯಿತು. ಕೆಳಗಿನ ಮನೆಯ ಒಡತಿ ಮುದುಕಮ್ಮ ಮಾತ್ರ, "ಹನುಮಂತನ ಅಂಶ ಕೂಸೇ, ಕೋಲು ಎತ್ತಬೇಡಿ" ಎನ್ನುತ್ತಿದ್ದರು. ಅವರ ಹಲಸಿನ ಹಪ್ಪಳದ ಮೇಲೆ ಅವು ಬಿದ್ದ ದಿನ ಅವರೇ ಪೊರಕೆ ಹಿಡಿದು, ಹನುಮಂತನ ಏಳು ತಲೆಮಾರನ್ನು ಬೈಯುತ್ತ ಮೆಟ್ಟಿಲು ಹತ್ತಿ ಬಂದರು.

ನಗು ನಿಂತದ್ದು ಬೆಕ್ಕು ಮರಿ ಹಾಕಿದ ಮೇಲೆ. ಬುಟ್ಟಿಯನ್ನು ಕಿಟಕಿಯ ಹತ್ತಿರ ಬಿಸಿಲಿಗೆ ಇಟ್ಟಿದ್ದೆವು. ಗಡವ ಸರಳಿನೊಳಗೆ ಕೈ ಹಾಕಿ ಒಂದು ಮರಿಯನ್ನು ಎಳೆದುಕೊಂಡಿತು. ನಮ್ಮ ಕಣ್ಣೆದುರೇ ಅದನ್ನು ತಾರಸಿಯ ಅಂಚಿಗೆ ಒಯ್ದು, ಮೂಸಿ, ತಿರುವಿ ನೋಡಿ, ತಿನ್ನುವ ವಸ್ತುವಲ್ಲ ಎಂದು ಗೊತ್ತಾದ ಮೇಲೆ ಕಾಲು ಹಿಡಿದು ಗೋಡೆಗೆ ಬಡಿದು ಬೀದಿಗೆ ಎಸೆಯಿತು. ಡಿಸೈನರ್ ಎರಡು ದಿನ ಊಟ ಮಾಡಲಿಲ್ಲ. ತಾಯಿ ಬೆಕ್ಕು ಬುಟ್ಟಿಯ ಸುತ್ತ ಕೂಗುತ್ತ ತಿರುಗುತ್ತಿತ್ತು.

"ಇದಕ್ಕೊಂದು ಗತಿ ಕಾಣಿಸ್ತೀನಿ ನೋಡ್ತಾ ಇರಿ" ಎಂದ ಡೆವಲಪರ್. ಅವನು ಗತಿ ಕಾಣಿಸುವುದು ಅಂದರೆ ಕೋವಿ ಹಿಡಿಯುವುದಲ್ಲ, ಏನಾದರೊಂದು ಕಟ್ಟುವುದು. ತನ್ನ ತ್ರೀಡಿ ಪ್ರಿಂಟರಿನಲ್ಲಿ ಹಸಿರು ಪ್ಲಾಸ್ಟಿಕ್ಕಿನ ಪೆಟ್ಟಿಗೆ ಮಾಡಿದ. ಒಳಗೆ ಸಣ್ಣ ಕ್ಯಾಮೆರಾ, ಒಂದು ಸ್ಪೀಕರು, ಸಿಮ್ ಕಾರ್ಡು. ಎದುರು ಏನಾದರೂ ಅಲ್ಲಾಡಿದರೆ ಪೆಟ್ಟಿಗೆ ನಾಯಿಯಂತೆ ಬೊಗಳಬೇಕು, ಮಂಗ ಓಡಬೇಕು. ಯಾವ ನಾಯಿಯ ದನಿ ಎಂದು ಕೇಳುವ ಅಗತ್ಯವೇ ಇರಲಿಲ್ಲ.

ರೆಕಾರ್ಡಿಂಗಿಗೆ ನಿಜವಾದ ರೋಷ ಬೇಕು ಎಂದ. ತಾರಸಿಯಲ್ಲಿ ಬಾಳೆಹಣ್ಣಿನ ಚಿಪ್ಪು ಇಟ್ಟು ಮಂಗಗಳನ್ನು ಕರೆಸಿದೆವು. ನಾಯಿಯನ್ನು ಪೈಪಿಗೆ ಸರಪಳಿ ಹಾಕಿ ಕಟ್ಟಿ, ನಾನು ಪಕ್ಕದಲ್ಲಿ ನಿಂತೆ. ಗಡವ ಅದರ ಮೂಗಿನ ಮುಂದೆಯೇ ಹಣ್ಣು ಸುಲಿದು ತಿಂದಿತು. ನಾಯಿ ಹುಚ್ಚು ಹಿಡಿದಂತೆ ಬೊಗಳಿತು, ಸರಪಳಿ ಬಿಗಿದು ಕೊರಳನ್ನು ಹಿಂದಕ್ಕೆ ಎಳೆಯಿತು. ರೆಕಾರ್ಡಾದದ್ದು ಇಷ್ಟು: ಒಂದೇ ಸಮನೆ ಬೊಗಳು, ನಡುವೆ ಒಂದು ಉಸಿರು, ಮತ್ತೆ ಬೊಗಳು, ಕೊನೆಯಲ್ಲಿ ಪೈಪಿಗೆ ಸರಪಳಿ ತಾಗಿದ ಟಣ್ ಎಂಬ ಸದ್ದು. ಆ ಸದ್ದನ್ನು ಕತ್ತರಿಸಿ ತೆಗೆ ಎಂದು ನಾನು ಹೇಳಿದೆ. ಮಂಗಕ್ಕೆ ಅದೆಲ್ಲ ಗೊತ್ತಾಗುವುದಿಲ್ಲ ಎಂದು ಅವನು ಬಿಟ್ಟ.

ಮೊದಲ ಸಲ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಬೊಗಳಿಸಿದಾಗ ನಾಯಿಯ ಬೆನ್ನ ಕೂದಲು ನಿಮಿರಿ ನಿಂತಿತು. ಪೆಟ್ಟಿಗೆಯ ಹಿಂದೆ ಹೋಗಿ ನೋಡಿತು, ಮೇಜಿನ ಕೆಳಗೆ ನೋಡಿತು, ಗುರ್ ಎಂದಿತು. ನಾವು ಹೊಟ್ಟೆ ಹಿಡಿದು ನಕ್ಕೆವು.

ಪೆಟ್ಟಿಗೆ ಗೆದ್ದಿತು ಎಂದೇ ಅನ್ನಿಸಿತು. ತಾರಸಿಯ ಕಂಬದ ಮೇಲೆ ಅದು ಕೂಗಿದ ಮೊದಲ ದಿನ ಇಡೀ ದಂಡು ಮರಿಗಳನ್ನು ಹೊಟ್ಟೆಗೆ ಅವಚಿಕೊಂಡು ಓಡಿತು. ಸುದ್ದಿ ಹಬ್ಬಿತು. ಕೆರೆಕಟ್ಟೆಯಲ್ಲಿ ಡೆವಲಪರನ ನೆಂಟರ ಬಾಳೆ ತೋಟಕ್ಕೆ ಒಂದು, ಅಡ್ಡಗದ್ದೆಯಲ್ಲಿ ಪರಿಚಯದ ಒಬ್ಬರ ತರಕಾರಿ ಹಿತ್ತಲಿಗೆ ಒಂದು, ಮುತ್ತಿನಕೊಪ್ಪದಲ್ಲಿ ನನ್ನ ಅಣ್ಣನ ಮನೆಗೆ ಒಂದು. ಎಲ್ಲದರಲ್ಲೂ ನನ್ನ ನಾಯಿಯದೇ ದನಿ. ಅಣ್ಣ ಫೋನ್ ಮಾಡಿ, "ನಿನ್ನ ನಾಯಿ ನಮ್ಮೂರಿಗೂ ಕಾವಲು ಬಂತಲ್ಲೇ" ಎಂದಾಗ ನಾನು ಬೀಗಿದ್ದೂ ಹೌದು.

ಆಮೇಲೆ ಅಡ್ಡಗದ್ದೆಯ ಕ್ಯಾಮೆರಾದಿಂದ ಒಂದು ವಿಡಿಯೊ ಬಂತು. ಪೆಟ್ಟಿಗೆ ಗಂಟಲು ಹರಿಯುವಂತೆ ಬೊಗಳುತ್ತಿದೆ. ಅದರ ತಲೆಯ ಮೇಲೆ ಒಂದು ಮಂಗ ಕಾಲು ಇಳಿಬಿಟ್ಟು ಕೂತು ಸೌತೆಕಾಯಿ ತಿನ್ನುತ್ತಿದೆ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ನಮಗೆ ಶಾಲೆಯಲ್ಲಿ ಕಲಿಸಿದ್ದರು. ಮಂಗಗಳು ಖುದ್ದಾಗಿ ಕಲಿತಿದ್ದವು.

ಪೆಟ್ಟಿಗೆಯ ತಪ್ಪುಗಳನ್ನು ಬರೆದಿಡುವ ಒಂದು ಪಟ್ಟಿ ನಮ್ಮ ಕಂಪ್ಯೂಟರಿನಲ್ಲಿತ್ತು. ನಾನು ಬರೆದೆ: ಮಂಗ ಹೆದರುತ್ತಿಲ್ಲ. ಅವನು ಉತ್ತರ ಬರೆದ: ನನ್ನಲ್ಲಿ ಸರಿ ಇದೆ. ಬರೆದು ದೂರನ್ನು ಮುಚ್ಚಿದ. ಜಗತ್ತಿನ ಎಲ್ಲ ಡೆವಲಪರುಗಳೂ ಕೊಡುವ ಉತ್ತರ ಅದು. ನಾನು ಮತ್ತೆ ತೆರೆದೆ. ಅವನು ಮತ್ತೆ ಮುಚ್ಚಿದ. ಕೊನೆಗೆ ಕುರ್ಚಿ ತಿರುಗಿಸಿ ಬಾಯಿಯಲ್ಲೇ ಜಗಳಕ್ಕೆ ಇಳಿದೆವು.

"ಒಂದೇ ಬೊಗಳು ಮಾರಾಯಾ. ಒಂದೇ ಕಡೆ ಉಸಿರು ತಗೊಳ್ತದೆ, ಕೊನೆಗೆ ಟಣ್ ಅನ್ನತ್ತೆ. ನಂಗೇ ಬಾಯಿಪಾಠ ಆಗಿದೆ, ಅವಕ್ಕೆ ಆಗಲ್ವಾ?" ಎಂದೆ.

"ದನಿ ಸಾಕಾಗ್ತಾ ಇಲ್ಲ ಅಷ್ಟೇ ಮಾರಾಯ್ತಿ" ಎಂದ. "ವಾಲ್ಯೂಮ್ ಏರಿಸ್ತೀನಿ. ಬೇರೆ ಬೇರೆ ನಾಯಿ ಹಾಕೋದು ಮುಂದಿನ ವರ್ಷನ್‌ನಲ್ಲಿ."

"ತಾರಸಿ ಮೇಲಿರೋದನ್ನಾದ್ರೂ ತೆಗಿ. ನಮ್ಮ ನಾಯಿ ಇಲ್ಲೇ ಇರ್ತದೆ. ನಾಳೆ ಅದು ನಿಜವಾಗ್ಲೂ ಬೊಗಳಿದ್ರೆ ಅವು ಓಡ್ತಾವಾ?"

"ಅದೊಂದೇ ಟೆಸ್ಟ್ ಪೆಟ್ಟಿಗೆ. ಅದನ್ನ ತೆಗೆದ್ರೆ ಪರೀಕ್ಷೆ ಎಲ್ಲಿ ಮಾಡೋದು?"

ನನಗೆ ಹೆದರಿಕೆ ಇದ್ದದ್ದು ಬಾಳೆಗೊನೆಯ ಬಗ್ಗೆ ಅಲ್ಲ. ನನ್ನ ನಾಯಿಗೆ ಇದ್ದ ಆಯುಧ ದನಿಯೊಂದೇ. ಅದನ್ನು ನಾವು ಊರೂರಿಗೆ ಹಂಚಿ, ಬೆಳಗಿನಿಂದ ಸಂಜೆಯವರೆಗೆ ಸುಮ್ಮಸುಮ್ಮನೆ ಕೂಗಿಸಿ, ಮೂರು ಕಾಸಿಗೂ ಬೇಡವಾಗಿಸಿದ್ದೆವು. ನಾಯಿಗೆ ಅದು ಗೊತ್ತಿರಲಿಲ್ಲ. ಅಂದಿನಿಂದ ತಾರಸಿಯ ಬಾಗಿಲಿಗೆ ನಾನೇ ಚಿಲಕ ಹಾಕಿ, ಯಾರೂ ತೆರೆದಿಡಬಾರದು ಎಂದು ಕೆಂಪು ಅಕ್ಷರದಲ್ಲಿ ಬರೆದು ಅಂಟಿಸಿದೆ.

ಒಂದು ಬೆಳಿಗ್ಗೆ ಕಾಫಿಯ ನಂತರ ಅವನು ವಾಲ್ಯೂಮ್ ನೋಡಲು ತಾರಸಿಗೆ ಹೋಗಿ ಬಂದ. ಬಾಗಿಲು ಎಳೆದುಕೊಂಡ, ಚಿಲಕ ಹಾಕಲಿಲ್ಲ. ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೀಟಿಂಗಿನಲ್ಲಿದ್ದೆ. ಮೇಜಿನ ಕೆಳಗಿನ ಬೆಚ್ಚನೆ ಭಾರ ನನ್ನ ಪಾದದ ಮೇಲಿಂದ ಎದ್ದು ಹೋದದ್ದು ನನಗೆ ತಿಳಿಯಲಿಲ್ಲ.

ತಾರಸಿಯಲ್ಲಿ ಬೊಗಳುವ ಸದ್ದು ಕೇಳಿತು. ನಮ್ಮ ಮೂವರಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ದಿನಕ್ಕೆ ಎಷ್ಟೋ ಸಲ ಕೇಳುವ ಸದ್ದು. ಅವನು ಟೈಪ್ ಮಾಡುತ್ತಲೇ ಇದ್ದ, ಡಿಸೈನರ್ ಚಿತ್ರಕ್ಕೆ ಬಣ್ಣ ತುಂಬುತ್ತಲೇ ಇದ್ದಳು. ಮಂಗಗಳಿಗೆ ಮೋಸ ಮಾಡಲು ಹೊರಟ ನಾವೇ ಆ ದನಿಗೆ ಕಿವುಡಾಗಿದ್ದೆವು. ನಾನೂ ಬಾಸಿನ ಪ್ರಶ್ನೆಗೆ ಉತ್ತರ ಹೇಳುತ್ತಿದ್ದೆ. ಹೇಳುತ್ತ ಹೇಳುತ್ತ ತಲೆಯ ಹಿಂದೆ ಏನೋ ಕಾಯುತ್ತಿದೆ ಅನ್ನಿಸಿತು. ಟಣ್ ಎಂಬ ಸದ್ದು ಬರಬೇಕಿತ್ತು. ಬರಲಿಲ್ಲ. ಬೊಗಳು ಮುರಿದು ಕೀರಲಾಯಿತು.

ಹೆಡ್‌ಫೋನ್ ಕಿತ್ತೆಸೆದು ಎದ್ದೆ. ಓಡುವ ದಾರಿಯಲ್ಲಿ ಕೈಗೆ ಸಿಕ್ಕಿದ್ದು ಡೆವಲಪರನ ಕೀಬೋರ್ಡು. ವಯರಿನ ಸಮೇತ ಎಳೆದುಕೊಂಡೆ.

ತಾರಸಿಯ ಮೇಲೆ ನನ್ನ ನಾಯಿ ಅಂಗಾತ ಬಿದ್ದಿತ್ತು. ಎರಡು ಮಂಗಗಳು ಹಿಂಗಾಲು ಹಿಡಿದು ಆಚೆ ಈಚೆ ಜಗ್ಗುತ್ತಿದ್ದವು. ಗಡವ ಎದೆಯ ಮೇಲೆ ಕೂತು, ಎರಡೂ ಕೈಯಲ್ಲಿ ಕಿವಿ ಹಿಡಿದುಕೊಂಡು, ಗಂಟಲಿಗೆ ಕೋರೆಹಲ್ಲು ಇಳಿಸಿತ್ತು. ಕಚ್ಚಿ ಬಿಡುತ್ತಿರಲಿಲ್ಲ, ಕಚ್ಚಿ ಹರಿಯುತ್ತಿತ್ತು. ಒಂದು ಕಿವಿ ಆಗಲೇ ಇರಲಿಲ್ಲ. ಉಳಿದ ದಂಡು ಟ್ಯಾಂಕಿನ ಮೇಲೆ ಸಾಲಾಗಿ ಕೂತು ನೋಡುತ್ತಿತ್ತು. ಇಷ್ಟರಲ್ಲಿ ಈ ಗದ್ದಲಕ್ಕೆ ಪೆಟ್ಟಿಗೆಯೂ ಎಚ್ಚರಗೊಂಡು ಬೊಗಳತೊಡಗಿತು. ಕೆಳಗೆ ನಾಯಿಯ ಗಂಟಲಿನಿಂದ ಗೊರಗೊರ ಎಂದು ರಕ್ತ ಬರುತ್ತಿದೆ, ಮೇಲೆ ಕಂಬದಲ್ಲಿ ಅದೇ ನಾಯಿ ಗಟ್ಟಿಮುಟ್ಟಾಗಿ ಕೂಗುತ್ತಿದೆ. ಆ ಎರಡು ಸದ್ದು ಇವತ್ತಿಗೂ ನನ್ನ ಕಿವಿ ಬಿಟ್ಟಿಲ್ಲ.

ಕೀಬೋರ್ಡನ್ನು ಎರಡೂ ಕೈಯಲ್ಲಿ ಎತ್ತಿ ಗಡವದ ತಲೆಗೆ ಹೊಡೆದೆ. ಕೀಲಿಗಳು ಹುರಿಗಡಲೆಯಂತೆ ತಾರಸಿ ತುಂಬ ಚೆಲ್ಲಿದವು. ಅದು ನಾಯಿಯನ್ನು ಬಿಟ್ಟು ನನ್ನ ಮೇಲೆ ಹಾರಿತು, ಮೊಣಕೈಯಿಂದ ಮಣಿಕಟ್ಟಿನವರೆಗೆ ಗೀರಿತು. ಮತ್ತೆ ಹೊಡೆದೆ. ಲೋಹದ ತಟ್ಟೆಯ ಅಂಚು ಅದರ ಬಾಯಿಗೆ ತಾಗಿ ಹಲ್ಲು ಮುರಿದ ಸದ್ದು ಕೇಳಿತು. ಆ ಸದ್ದಿನಿಂದ ನನಗೆ ಸಂತೋಷವಾಯಿತು. ಸುಳ್ಳೇಕೆ ಹೇಳಲಿ, ಅದು ಸಾಯಲಿ ಎಂದೇ ಹೊಡೆದೆ. ಅದು ಸಾಯಲಿಲ್ಲ. ಬಾಯಿ ಒರೆಸಿಕೊಂಡು, ಗೋಡೆ ಹಾರಿ, ದಂಡನ್ನು ಕರೆದುಕೊಂಡು ಹೋಯಿತು.

ನಾನು ನಾಯಿಯ ಗಂಟಲಿಗೆ ಅಂಗೈ ಒತ್ತಿ ಕೂತಿದ್ದಾಗ ಉಳಿದಿಬ್ಬರೂ ಓಡಿ ಬಂದರು. ಡೆವಲಪರ್ ನಾಯಿಯನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ಕತ್ತೆತ್ತಿ ಪೆಟ್ಟಿಗೆಯನ್ನು ನೋಡಿದ.

"ವಾಲ್ಯೂಮ್ ಫುಲ್ ಇತ್ತಲ್ಲ" ಎಂದ.

ಆಗ ಎದ್ದು ಹೊಡೆದೆ. ಅಂಗೈ ಅಗಲಿಸಿ, ಮೈಯಲ್ಲಿದ್ದ ಅಷ್ಟೂ ಬಲ ಹಾಕಿ. ಅವನ ಕನ್ನಡಕ ಹಾರಿ ಹೋಗಿ ರಕ್ತದಲ್ಲಿ ಬಿತ್ತು, ಕೆನ್ನೆಯ ಮೇಲೆ ನನ್ನ ಐದು ಬೆರಳು ಕೆಂಪಗೆ ಮೂಡಿದವು. ಅವನು ಕನ್ನಡಕವನ್ನು ಅಂಗಿಗೆ ಒರೆಸಿ ಹಾಕಿಕೊಂಡು, "ಕಾರು ತೆಗಿತೀನಿ, ಎತ್ಕೊಂಡು ಬಾ" ಎಂದು ಕೆಳಗೆ ಓಡಿದ.

ಕೊಪ್ಪದ ಪಶುವೈದ್ಯರು ಅಂದು ಹಳ್ಳಿಯೊಂದಕ್ಕೆ ಲಸಿಕೆ ಹಾಕಲು ಹೋಗಿದ್ದರು. ನರಸಿಂಹರಾಜಪುರಕ್ಕೆ ಹೊರಟೆವು. ನಾಯಿ ನನ್ನ ತೊಡೆಯ ಮೇಲೆ, ಡಿಸೈನರಳ ವೇಲನ್ನು ಅದರ ಗಂಟಲಿಗೆ ಒತ್ತಿ ಹಿಡಿದಿದ್ದೆ. ಪ್ರತಿ ತಿರುವಿನಲ್ಲೂ ಬೆಚ್ಚಗೆ ಏನೋ ನನ್ನ ಬೆರಳ ಸಂದಿಯಿಂದ ಹರಿಯುತ್ತಿತ್ತು. ನಾನು ಡೆವಲಪರನನ್ನು ದಾರಿಯುದ್ದಕ್ಕೂ ಬೈದೆ. ಬಾಯಿಗೆ ಬಂದ ಬೈಗುಳವೆಲ್ಲ ಮುಗಿದ ಮೇಲೆ ಮೊದಲಿನಿಂದ ಬೈದೆ. ಅವನು ಅಳುತ್ತ ಕಾರು ಓಡಿಸಿದ.

ಡಾಕ್ಟರು ತುಂಬ ಹೊತ್ತು ಹೊಲಿದರು. ನನ್ನ ಕೈಯನ್ನು ನೋಡಿ, ಮೊದಲು ಹೋಗಿ ಇಂಜೆಕ್ಷನ್ ಹಾಕಿಸಿಕೊಂಡು ಬನ್ನಿ ಎಂದು ಗದರಿದರು. ಸಂಜೆಯ ಹೊತ್ತಿಗೆ ಹೊರಗೆ ಬಂದು, "ಉಸಿರಿನ ಕೊಳವೆ ಉಳಿದಿದೆ, ಜೀವಕ್ಕೆ ತೊಂದರೆ ಇಲ್ಲ ಅನ್ನಿಸ್ತದೆ. ದನಿ ಬರೋದು ಕಷ್ಟ" ಎಂದರು. ನನಗೆ ಆಗ ಜೀವ ಒಂದೇ ಸಾಕಾಗಿತ್ತು.

ಜೀವ ಉಳಿಯಿತು. ದನಿ ಬರಲಿಲ್ಲ. ಹಾಲಿನವನು ಗೇಟು ತೆಗೆದರೆ ನಾಯಿ ಹಳೆಯ ಅಭ್ಯಾಸದಂತೆ ಮುಂಗಾಲೂರಿ, ಎದೆ ಉಬ್ಬಿಸಿ ಬಾಯಿ ತೆರೆಯುತ್ತಿತ್ತು. ತಿದಿ ಒತ್ತಿದಂತೆ ಬರೀ ಗಾಳಿ ಬರುತ್ತಿತ್ತು. ಏನಾಯಿತು ಎಂದು ಕೇಳುವಂತೆ ಕತ್ತು ತಿರುಗಿಸಿ ನನ್ನನ್ನು ನೋಡುತ್ತಿತ್ತು. ಬೀದಿಯ ನಾಯಿಗಳಿಗೆ ಬೇಗ ವಿಷಯ ತಿಳಿಯಿತು. ಅದು ಒಂಟಿಯಾಗಿ ಮನೆಯ ಅಂಗಳ ಬಿಟ್ಟು ಹೊರಗೆ ಕಾಲಿಡುವುದನ್ನು ನಿಲ್ಲಿಸಿತು. ಕಾರಿನ ಸದ್ದಿಗೂ ಮಂಚದ ಕೆಳಗೆ ಸೇರುತ್ತಿತ್ತು. ಅದನ್ನು ನೋಡುವುದು ಗಾಯ ನೋಡುವುದಕ್ಕಿಂತ ಕಷ್ಟವಾಗಿತ್ತು.

ತಾರಸಿಯ ಪೆಟ್ಟಿಗೆಯನ್ನು ನಾನು ಮುದುಕಮ್ಮನ ರುಬ್ಬುವ ಗುಂಡಿನಿಂದ ಜಜ್ಜಿ ಪುಡಿ ಮಾಡಿದ್ದೆ. ಅವರು ನೋಡುತ್ತ ನಿಂತಿದ್ದು, ಗುಂಡು ತೊಳೆದುಕೊಡು ಎಂದಷ್ಟೇ ಹೇಳಿದ್ದರು. ಉಳಿದ ಊರುಗಳ ಪೆಟ್ಟಿಗೆಗಳಿಂದ ಡೆವಲಪರ್ ಕೂತಲ್ಲೇ ದನಿಯನ್ನು, ತನ್ನ ಕಂಪ್ಯೂಟರಿನಲ್ಲಿದ್ದ ಮೂಲವನ್ನೂ ಸೇರಿಸಿ, ಅಳಿಸಿ ಹಾಕಿದ. ಅಡ್ಡಗದ್ದೆಯದಕ್ಕೆ ಮಾತ್ರ ಈಚೆಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಒಂದು ದಿನ ಆ ಮನೆಯವರೇ ಫೋನ್ ಮಾಡಿದರು. "ನಿಮ್ಮ ನಾಯಿ ಬೆಳಗಿಂದ ಕೂಗಿ ಕೂಗಿ ತಲೆ ಚಿಟ್ಟು ಹಿಡೀತಾ ಇದೆ. ಮಂಗ ಅಂತೂ ಕೇರೇ ಮಾಡಲ್ಲ. ತಗೊಂಡು ಹೋಗಿ ಮಾರಾಯ್ರೆ."

ಭಾನುವಾರ ನಾನೂ ಡೆವಲಪರನೂ ಹೋದೆವು. ನಾನು ಎಲ್ಲಿಗೆ ಹೊರಟರೂ ಈಗ ನಾಯಿ ಬಿಡುತ್ತಿರಲಿಲ್ಲ, ಹಿಂದಿನ ಸೀಟಿನಲ್ಲಿ ಮುದುಡಿಕೊಂಡು ಬಂತು. ಅವನಿಗೆ ಹೊಡೆದ ದಿನದ ನಂತರ ನಾವಿಬ್ಬರೂ ಕೆಲಸದ ಮಾತು ಬಿಟ್ಟು ಬೇರೆ ಆಡಿರಲಿಲ್ಲ. ಅಡ್ಡಗದ್ದೆಯ ಆ ಮನೆಯ ಹಿತ್ತಲಲ್ಲಿ ಸೌತೆ ಬಳ್ಳಿಗಳು ಹರಿದು ಚೆಲ್ಲಾಪಿಲ್ಲಿಯಾಗಿದ್ದವು. ನಡುವೆ ಸೊಂಟದೆತ್ತರದ ಒಂದು ಬೇಲಿಗೂಟ, ಅದಕ್ಕೆ ಕಟ್ಟಿದ ಹಸಿರು ಪೆಟ್ಟಿಗೆ.

"ಸ್ಕ್ರೂ ಬಿಚ್ಚಿ ತೆಗಿತೀನಿ, ಒಳಗಿನ ಬೋರ್ಡು ಚೆನ್ನಾಗಿದೆ" ಎಂದ ಅವನು.

"ಮುಟ್ಟಬೇಡ" ಎಂದೆ. ಬೇಲಿಯ ಬುಡದಿಂದ ಕೈತುಂಬ ಬರುವ ಕಲ್ಲೊಂದನ್ನು ಎತ್ತಿಕೊಂಡೆ. ನಾಲ್ಕು ಹೆಜ್ಜೆ ಹಾಕಿದ್ದೆನೋ ಇಲ್ಲವೋ, ನನ್ನನ್ನು ಕಂಡು ಪೆಟ್ಟಿಗೆ ಬೊಗಳಿತು. ಎಷ್ಟೋ ದಿನದ ಮೇಲೆ ಆ ದನಿ. ಅಷ್ಟು ದೊಡ್ಡದು, ಅಷ್ಟು ಧೈರ್ಯದ್ದು. ನನ್ನ ಕೈ ಮೇಲೆತ್ತಿದಲ್ಲೇ ನಿಂತಿತು. ಇದನ್ನು ಒಡೆದರೆ ಆ ದನಿ ಲೋಕದಲ್ಲಿ ಇನ್ನೆಲ್ಲೂ ಇಲ್ಲ ಎಂಬುದು ಆಗ ಹೊಳೆಯಿತು.

ಹಿಂದೆ ಕಾರಿನ ತೆರೆದ ಬಾಗಿಲಿನಿಂದ ನಾಯಿ ಇಳಿದಿತ್ತು. ಬೆನ್ನ ಕೂದಲು ನಿಮಿರಿತ್ತು. ಪೆಟ್ಟಿಗೆ ಬೊಗಳಿ ಟಣ್ ಎಂದಿತು. ನಾಯಿ ಮುಂಗಾಲೂರಿ, ಎದೆ ಉಬ್ಬಿಸಿ, ಉತ್ತರ ಕೊಡಲು ಬಾಯಿ ತೆರೆಯಿತು. ಗಾಳಿ ಬಂತು. ಅದು ಅಲ್ಲಾಡಿದ್ದು ಕಂಡು ಪೆಟ್ಟಿಗೆ ಮತ್ತೆ ಬೊಗಳಿತು. ನಾಯಿ ಮತ್ತೆ ಬಾಯಿ ತೆರೆಯಿತು. ಈ ಸಲ ಅದು ನನ್ನ ಕಡೆ ತಿರುಗಿ ನೋಡಲಿಲ್ಲ.

ಹಾರಿತು. ಮುಂಗಾಲನ್ನು ಗೂಟಕ್ಕೆ ಕೊಟ್ಟು ಪೆಟ್ಟಿಗೆಯ ಮೂಲೆಗೆ ಹಲ್ಲು ಹಾಕಿತು. ಜಗಳ ಗೊತ್ತಿಲ್ಲದ ನಾಯಿ, ಬದುಕಿನಲ್ಲಿ ಒಂದು ಸಲವೂ ಕಚ್ಚದ ನಾಯಿ, ಕತ್ತು ಕೊಡವಿ ಕೊಡವಿ ಹರಿಯಿತು. ಪ್ಲಾಸ್ಟಿಕ್ ಸೀಳಿ ಒಸಡಿನಿಂದ ರಕ್ತ ಇಳಿಯಿತು. ಒಳಗಿನ ದನಿ ಅದರ ಮುಖಕ್ಕೇ ಬೊಗಳುತ್ತಿತ್ತು. ಗೂಟ ಓಲಾಡಿ ಹಿಡಿತ ಜಾರಿ ನಾಯಿ ಕೆಳಗೆ ಬಿತ್ತು, ಎದ್ದು ಮತ್ತೆ ಹಾರಿತು.

"ಹಲ್ಲು ಮುರೀತದೆ, ಹೊಲಿಗೆ ಬಿಚ್ಚತ್ತೆ, ಹಿಡ್ಕೋ ಅದನ್ನ" ಎಂದ ಡೆವಲಪರ್.

ನಾನು ಕಲ್ಲನ್ನು ಕೆಳಗೆ ಹಾಕಿದೆ. ಮಂಡಿಯೂರಿ ಕೂತು, ಗೂಟ ಅಲ್ಲಾಡದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡೆ. ನಾಯಿಗೆ ಸರಿಯಾದ ಹಿಡಿತ ಸಿಕ್ಕಿತು. ವಯರು ಕಿತ್ತು ಬಂತು, ಬೊಗಳು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ನಿಂತುಹೋಯಿತು. ಆಮೇಲೆ ಸರಪಳಿಯ ಸದ್ದು ಬರಲಿಲ್ಲ.